ಹುತ್ತದ ಅಣಬೆಯ ಚರಿತ್ರೆ

ಯಾವುದಾದರೊಂದು ವಸ್ತು ಬುಡವಿಲ್ಲದೆ, ಬೇರಿಲ್ಲದೆ, ಹಠಾತ್ತಾಗಿ ತಲೆಯೆತ್ತಿತೆಂದು ಹೇಳಬೇಕಾದಾಗ ನಾವು ಕನ್ನಡಿಗರು ಅದನ್ನು ನಾಯಿಕೊಡೆಗೆ ಹೋಲಿಸುವ ವಾಡಿಕೆಯುಂಟು. ನಿನ್ನೆ ಇರಲಿಲ್ಲ, ಇಂದು ಇದೆ, ನಾಳೆ ಇರಲಾರದು ಎಂಬುದೇ ಈ ಹೋಲಿಕೆಯ ತಾತ್ಪರ್ಯ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳಲ್ಲಿ ಮಳೆ ಹಿಡಿದು ನೆಲ ನೆನೆದ ಮೇಲೆ ಹುತ್ತದ ಮಗ್ಗುಲಲ್ಲಿ ಏಳುವ ಅಣಬೆಯ ವಿಷಯದಲ್ಲಿ ಈ ಮಾತು ಸಲ್ಲುವುದಿಲ್ಲ. ಆ ಅಣಬೆಗೆ ಬೇರನ್ನು ಹೋಲುವ ನೀಳವಾದ ಕಾಲುಂಟು. ಆ ಕಾಲಿನ ತುದಿಯಲ್ಲಿ ನೆಲದೊಳಗೆ ಹಲವು ವರ್ಷಗಳ ದುಡಿಮೆಯಿಂದ ಸಿದ್ಧವಾದ ತೋಟವುಂಟು. ಆ ತೋಟವನ್ನು ಮಾಡುವ ಒಕ್ಕಲೂ ಉಂಟು. ಒಂದು ರಾತ್ರಿಯಲ್ಲಿ ಎದ್ದಂತೆ ತೋರುವ ಈ ಕೊಡೆಯ ಹಿಂದೆ ಇರುವ ಕಾಲವು ಬಲು ದೀರ್ಘವಾದುದು. ಅದರ ಚರಿತ್ರೆಯನ್ನು ಹಿಡಿದು ಹೋದರೆ ಈ ಮೂರು ತಾಲ್ಲೂಕುಗಳ ನೆಲದ ಚರಿತ್ರೆಯೇ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೆ: ಈ ಅಣಬೆಯನ್ನು ಯಾರೂ ಬಿತ್ತಲಿಲ್ಲ, ಉಳದೆ ಬಿಟ್ಟ ನೆಲವೇ ಅದನ್ನು ನಮಗೆ ಕೊಟ್ಟಿತು, ಅಂಥ ನೆಲ ಕರಗಿದಷ್ಟೂ ಅದೂ ಕರಗುವುದು.

ಮೊದಲು ಅಣಬೆಯೆಂದರೇನೆಂಬುದನ್ನು ತಿಳಿಯಬೇಕು. ಅದು ಗಿಡವಲ್ಲ. ಗಿಡಮರಗಳಿಗಿರುವ ಹಸುರು ಅದಕ್ಕಿಲ್ಲವಾದುದರಿಂದ ಬಿಸಿಲಿನ ಬಲದಿಂದ ತನ್ನ ಅನ್ನವನ್ನು ತಾನೇ ಮಾಡಿಕೊಳ್ಳಲಾರದು. ಆದುದರಿಂದ ಶಿಲೀಂಧ್ರಗಳೆಂಬ ಈ ವರ್ಗಕ್ಕೆ ಬದುಕಲು ಮೂರೇ ದಾರಿ. ಸತ್ತ ವಸ್ತುವನ್ನು ಕೊಳೆಯಿಸಿ ತಿನ್ನುವುದು ಒಂದು. ಬದುಕಿರುವುದನ್ನು ಹಿಡಿದು ಹೀರುವುದು ಎರಡು. ಇನ್ನೊಂದು ಜೀವದೊಡನೆ ಒಪ್ಪಂದ ಮಾಡಿಕೊಂಡು ಕೊಟ್ಟು ಕೊಳ್ಳುವುದು ಮೂರು. ಕಣ್ಣಿಗೆ ಕಾಣುವ ಕೊಡೆಯು ಇಡೀ ಶಿಲೀಂಧ್ರವಲ್ಲ. ಅದು ಮಾವಿನ ಮರಕ್ಕೆ ಮಾವಿನ ಹಣ್ಣು ಇದ್ದಂತೆ. ನಿಜವಾದ ಮೈಯೆಲ್ಲ ನೂಲಿಗಿಂತ ಸಣ್ಣ ಎಳೆಗಳಾಗಿ ನೆಲದಲ್ಲಿಯೋ ಮರದಲ್ಲಿಯೋ ಹಬ್ಬಿರುವುದು.

ಮೂರನೆಯ ದಾರಿಯು ವಿದ್ವಾಂಸರಿಗೆ ತಿಳಿದುಬಂದುದು ತೀರ ಹಿಂದಿನ ಕಾಲದಲ್ಲಿಯೇನೂ ಅಲ್ಲ. ಜರ್ಮನಿಯ ಪ್ರಷ್ಯಾ ಸರಕಾರದವರು ನೆಲದೊಳಗೆ ಬೆಳೆಯುವ ಬೆಲೆಬಾಳುವ ಒಂದು ಜಾತಿಯ ಅಣಬೆಯನ್ನು ಕೃಷಿಮಾಡಲು ಸಾಧ್ಯವೇ ಎಂದು ಪರೀಕ್ಷಿಸುವಂತೆ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಎಂಬ ಸಸ್ಯಶಾಸ್ತ್ರಜ್ಞರಿಗೆ ಒಪ್ಪಿಸಿದರು. ಆ ಅಣಬೆಯು ಮರಗಳ ಬುಡದಲ್ಲಿಯೇ ಏಕೆ ದೊರೆಯುವುದೆಂದು ಅವರು ಬೇರುಗಳನ್ನು ತೆಗೆದು ನೋಡಿದಾಗ, ಎಳೆಯ ಬೇರುಗಳ ತುದಿಗಳಿಗೆಲ್ಲ ಶಿಲೀಂಧ್ರದ ಎಳೆಗಳು ಕವಚದಂತೆ ಸುತ್ತಿಕೊಂಡಿದ್ದುವು. ಎಳೆಗಳು ನೆಲದ ನೀರನ್ನೂ ಲವಣಗಳನ್ನೂ ಮರಕ್ಕೆ ಒದಗಿಸುವುವು; ಮರವು ಎಲೆಯಲ್ಲಿ ಮಾಡಿದ ಸಕ್ಕರೆಯಲ್ಲಿ ಒಂದು ಪಾಲನ್ನು ಎಳೆಗಳಿಗೆ ಕೊಡುವುದು. 1885ರಲ್ಲಿ ಫ್ರಾಂಕರು ಈ ಜೋಡಿಗೆ ‘ಮೈಕೊರೈಜ’, ಎಂದರೆ ಶಿಲೀಂಧ್ರದ ಬೇರು, ಎಂದು ಹೆಸರಿಟ್ಟರು. ಅಣಬೆಯನ್ನು ಬೆಳೆಯುವ ಉಪಾಯವನ್ನು ಹುಡುಕಹೋದವರಿಗೆ, ಅದನ್ನು ಅದರ ಜೊತೆಗಾರನಿಂದ ಅಗಲಿಸಿ ಬೆಳೆಯಲಾಗದೆಂಬ ತತ್ತ್ವವು ದೊರೆಯಿತು. ಈ ತತ್ತ್ವವನ್ನು ಓದುಗರು ನೆನಪಿನಲ್ಲಿಡಬೇಕು; ನಮ್ಮ ಸೀಮೆಯ ಅಣಬೆಗೂ ಅದು ಬೇರೊಂದು ರೀತಿಯಲ್ಲಿ ಅನ್ವಯಿಸುವುದು.

ಮರದ ಬೇರಿಗೆ ಹೀಗೆ ಕವಚವಾಗುವ ಅಣಬೆಗಳು ನಮ್ಮ ನಾಡಿನಲ್ಲಿ ಇಲ್ಲದಿಲ್ಲ. ಪಶ್ಚಿಮಘಟ್ಟದ ಮಳೆಕಾಡುಗಳಲ್ಲಿ ಧೂಪದ ಮರವೂ ಅದರ ದಾಯಾದಿಗಳೂ ಇಂಥ ಅಣಬೆಗಳೊಡನೆ ಕೂಡಿಯೇ ಬಾಳುವುವು. ಆದರೆ ಮಂಡ್ಯದ ಸೀಮೆಯು ಘಟ್ಟದ ಮಳೆ ಮುಗಿದ ಮೇಲಿನ ಬಯಲು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು. ಇಲ್ಲಿನ ಹುಣಿಸೆ, ಹೊಂಗೆ, ಬೇವು, ಹಿಪ್ಪೆ, ಆಲ, ಅತ್ತಿಗಳೂ ಶಿಲೀಂಧ್ರಗಳ ನೆರವನ್ನು ಪಡೆಯುವುವಾದರೂ, ಅವುಗಳ ಬೇರಿನೊಳಗೆ ವಾಸಿಸುವ ಆ ಶಿಲೀಂಧ್ರಗಳು ಕೊಡೆಯೆತ್ತುವ ಜಾತಿಯವಲ್ಲ. ಹೀಗಿರುವಲ್ಲಿ ನಮ್ಮ ಹೊಲದ ಬದುಗಳಲ್ಲಿಯೂ ತೋಪುಗಳಲ್ಲಿಯೂ ಜನರು ಮನೆಗೆ ತಂದು ಸಾರುಮಾಡುವ ಅಣಬೆಯು ಯಾರ ಜೊತೆಗಾರನು? ಗೆದ್ದಲಿನ ಜೊತೆಗಾರನು, ಗೆದ್ದಲಿನ ಮೂಲಕ ಮರದ ಜೊತೆಗಾರನು.

ಈ ಕೂಡುಬಾಳಿನ ಕ್ರಮವು ಹೀಗಿದೆ. ನಮ್ಮ ಸೀಮೆಯಲ್ಲಿ ಹುತ್ತ ಕಟ್ಟುವ ಗೆದ್ದಲು ಹೆಚ್ಚಾಗಿ ಓಡಂಟೋಟರ್ಮಿಸ್ ಎಂಬ ಕುಲಕ್ಕೆ ಸೇರಿದುದು. ಕೆಲಸಗಾರ ಗೆದ್ದಲುಗಳು ಇರುಳಲ್ಲಿಯೂ ಮಣ್ಣಿನ ಮರೆಯಲ್ಲಿಯೂ ಹೋಗಿ ಉದುರಿದ ಎಲೆ, ಒಣಗಿದ ಕಡ್ಡಿ, ಸತ್ತ ಮರ, ಒಣಹುಲ್ಲು, ಸಗಣಿ ಇವುಗಳನ್ನು ಕಡಿದು ನುಂಗಿ ಗೂಡಿಗೆ ಬರುವುವು. ಮರದ ನಾರು ಬಲು ಗಟ್ಟಿ; ಅದನ್ನು ಪೂರ್ತಿಯಾಗಿ ಅರಗಿಸುವ ಶಕ್ತಿಯು ಇವುಗಳ ಹೊಟ್ಟೆಗಿಲ್ಲ. ಆದುದರಿಂದ ಅರೆಯರಗಿದುದನ್ನು ಮಲವಾಗಿ ವಿಸರ್ಜಿಸಿ, ಅದನ್ನೇ ಪದರಪದರವಾಗಿ ಒತ್ತಿ, ಸ್ಪಂಜಿನಂತೆ ತೂತುತೂತಾದ ಗುಪ್ಪೆಗಳನ್ನು ಕಟ್ಟುವುವು. ಈ ಗುಪ್ಪೆಗಳೇ ಅಣಬೆಯ ತೋಟ. ನುಂಗಿದ ಆಹಾರದೊಡನೆ ಶಿಲೀಂಧ್ರದ ಬೀಜಕಣಗಳೂ ಬೆರೆತು ಬರುವುದರಿಂದ ಗುಪ್ಪೆಯಲ್ಲಿ ಬಿಳಿಯ ಎಳೆಗಳು ಹಬ್ಬಿ, ಗೆದ್ದಲಿನಿಂದಾಗದ ಕೆಲಸವನ್ನು ತಾವು ಮಾಡಿ, ನಾರನ್ನು ಮೆತ್ತಗೆ ಮಾಡುವುವು. ಕೆಲವು ದಿನಗಳಲ್ಲಿ ಗುಪ್ಪೆಯ ಮೇಲೆ ಸಾಸುವೆಕಾಳಿನಷ್ಟಿರುವ ಬಿಳಿಯ ಮಣಿಗಳು ಮೂಡುವುವು. ಎಳೆಯ ಕೆಲಸಗಾರರಿಗೆ ಈ ಮಣಿಗಳೇ ಪುಷ್ಟಿಯಾದ ಆಹಾರ. ಹಳೆಯದಾದ ಗುಪ್ಪೆಯನ್ನು ಮುದುಕ ಗೆದ್ದಲುಗಳು ತಿಂದು ಮುಗಿಸುವುವು. ಹೊಸದನ್ನು ಮೇಲೆ ಕಟ್ಟುತ್ತ ಹೋಗುವುವು.

ಇದಕ್ಕೆ ಪ್ರತಿಯಾಗಿ ಗೆದ್ದಲು ಶಿಲೀಂಧ್ರಕ್ಕೆ ಕೊಡುವುದೇನು? ಮನೆ, ಅನ್ನ, ಕಾವಲು. ಹುತ್ತದ ಒಳಗೆ ಹೊರಗಿನ ಬೇಸಗೆಯ ಉರಿಯಾಗಲಿ ಚಳಿಗಾಲದ ಕೊರೆತವಾಗಲಿ ಅಷ್ಟಾಗಿ ತಟ್ಟದು. ತೇವವು ಒಂದೇ ಹದದಲ್ಲಿರುವುದು. ಬೇರೆ ಬೂಷ್ಟುಗಳು ತೋಟವನ್ನು ಹೊಕ್ಕರೆ ಗೆದ್ದಲುಗಳು ಕಳೆ ಕಿತ್ತಂತೆ ಅವನ್ನು ತೆಗೆದುಹಾಕುವುವು. ಗೆದ್ದಲು ಬಿಟ್ಟುಹೋದ ಗೂಡಿನಲ್ಲಿ ಕೆಲವೇ ದಿನಗಳಲ್ಲಿ ಬೇರೆಯ ಶಿಲೀಂಧ್ರಗಳು ಗುಪ್ಪೆಯನ್ನು ಮುಚ್ಚಿ, ಅಣಬೆಯ ಎಳೆಯು ನಾಶವಾಗುವುದು. ಒಕ್ಕಲಿಲ್ಲದ ಹೊಲದ ಗತಿಯೇ ಈ ತೋಟಕ್ಕೂ.

ಮಳೆಗಾಲದಲ್ಲಿ ನೆಲ ಚೆನ್ನಾಗಿ ನೆನೆದಾಗ ಗುಪ್ಪೆಯಿಂದ ಅಣಬೆಯ ಮೊಳಕೆ ಮೇಲಕ್ಕೆ ಹೊರಡುವುದು. ಗೂಡು ಎಷ್ಟು ಆಳದಲ್ಲಿದೆಯೋ ಅದರ ಕಾಲೂ ಅಷ್ಟು ನೀಳವಾಗಬೇಕು. ಮಣ್ಣನ್ನು ಕೊರೆದು ಬರುವುದಕ್ಕಾಗಿಯೇ ಅದರ ಕೊಡೆಯ ನಡುವೆ ಗಟ್ಟಿಯಾದ ಮೊನೆಯೊಂದಿರುವುದು. ಮೊಗ್ಗು ನೆಲದ ಮೇಲಕ್ಕೆ ಬಂದು ಕೊಡೆ ಬಿಚ್ಚಿದ ಮೇಲೆ ಬೀಜಕಣಗಳು ಗಾಳಿಗೂ ನೆಲಕ್ಕೂ ಉದುರುವುವು. ಇದಕ್ಕೆ ಕೆಲಕಾಲ ಮುಂಚೆ, ಮೊದಲ ಮಳೆಗಳು ಬಿದ್ದಾಗ, ಅದೇ ಗೂಡುಗಳಿಂದ ರೆಕ್ಕೆಬಂದ ಗೆದ್ದಲುಗಳು ಹೊರಟು ಹಾರಿ, ರೆಕ್ಕೆ ಕಳಚಿ, ಜೋಡಿಜೋಡಿಯಾಗಿ ನೆಲವನ್ನು ಹೊಕ್ಕಿರುವುವು. ನಮ್ಮ ಜನರು ಈಸಲೆಂದು ಕರೆದು ಹುರಿದು ತಿನ್ನುತ್ತಿದ್ದುದು ಈ ಹುಳುವನ್ನೇ. ಆ ಹೊಸ ಜೋಡಿಯ ಮೊದಲ ಮಕ್ಕಳು ಆಹಾರಕ್ಕೆ ಹೊರಬರುವ ವೇಳೆಗೆ ನೆಲದ ಮೇಲೆ ಅಣಬೆಯ ಬೀಜಕಣಗಳು ಸಿದ್ಧವಾಗಿರುವುವು. ಬಹುತೇಕ ಜಾತಿಗಳಲ್ಲಿ ತಾಯಿಮನೆಯಿಂದ ಹೊಸಮನೆಗೆ ಬೀಜವನ್ನು ಗೆದ್ದಲು ಹೊತ್ತೊಯ್ಯುವುದಿಲ್ಲ. ಪ್ರತಿಯೊಂದು ಹೊಸ ಸಂಸಾರವೂ ಬಯಲಿನಿಂದಲೇ ಬೀಜವನ್ನು ಆಯ್ದುಕೊಳ್ಳಬೇಕು. ಆದುದರಿಂದ ಕೊಡೆ ಬಿಚ್ಚುವ ಮುನ್ನವೇ ಎಲ್ಲ ಮೊಗ್ಗುಗಳನ್ನೂ ಕಿತ್ತೊಯ್ದರೆ, ಮುಂದಿನ ಹುತ್ತಗಳ ಬಿತ್ತನೆಯ ಬೀಜವನ್ನೇ ಉಂಡಂತಾಗುವುದು.

ಹುತ್ತಕ್ಕೂ ಅಣಬೆಗೂ ಇರುವ ಈ ನಂಟನ್ನು ನಮ್ಮ ಪೂರ್ವಿಕರು ಕಂಡಿದ್ದರೆಂಬುದರಲ್ಲಿ ಸಂದೇಹವಿಲ್ಲ. ಹತ್ತುಪಾಟ್ಟುಗಳೆಂದು ಪ್ರಸಿದ್ಧವಾದ ಪ್ರಾಚೀನ ತಮಿಳು ಕಾವ್ಯಗಳಲ್ಲಿ ಒಂದಾದ ಸಿರುಪಾಣಾಟ್ರುಪ್ಪಡೈಯಲ್ಲಿ ಬಡವನ ಅಡುಗೆಮನೆಯ ವರ್ಣನೆಯಿದೆ. ಅಲ್ಲಿ ಹಳೆಯ ಗೋಡೆಯನ್ನು ಗೆದ್ದಲು ಅರೆದು ಉದುರಿಸಿದ ಧೂಳಿನಲ್ಲಿ ಅಣಬೆ ಎದ್ದಿರುವುದನ್ನು ಕವಿಯು ಹೇಳಿದ್ದಾನೆ. ಒಲೆ ಹೊತ್ತಿಸದ ಮನೆಯ ದಾರಿದ್ರ್ಯವನ್ನು ಸೂಚಿಸಲು ಅವನು ಬಳಸಿದ ಈ ಚಿತ್ರದಲ್ಲಿ ಪ್ರಕೃತಿಶಾಸ್ತ್ರದ ಒಂದು ಸತ್ಯವೂ ಸೇರಿಕೊಂಡಿದೆ. ಕಾಳಿದಾಸನ ಮೇಘದೂತದಲ್ಲಿ ಮೇಘದ ಗುಡುಗು ಭೂಮಿಯಲ್ಲಿ ಅಣಬೆಗಳನ್ನು ಏಳಿಸುವುದೆಂಬ ಮಾತಿದೆ. ಗುಡುಗಿದರೆ ಅಣಬೆ ಏಳುವುದೆಂಬ ನಮ್ಮ ಹಳ್ಳಿಗರ ನಂಬಿಕೆಯೂ ಅದೇ. ಮನುಸ್ಮೃತಿಯು ದ್ವಿಜರಿಗೆ ಬೆಳ್ಳುಳ್ಳಿ ಈರುಳ್ಳಿಗಳೊಡನೆ ಅಣಬೆಯನ್ನೂ ನಿಷೇಧಿಸಿತು. ನಿಷೇಧವನ್ನು ಪಾಲಿಸಿದವರು ಪಾಲಿಸಿದರು. ಒಕ್ಕಲು ಮಕ್ಕಳೂ ದನಗಾಹಿಗಳೂ ಕಾಡಂಚಿನ ಜನರೂ ಮಳೆಗಾಲದ ಬಡತನದಲ್ಲಿ, ಹಿಂದಿನ ವರ್ಷದ ರಾಗಿ ಕಣಜದ ತಳ ಕಂಡು ಹೊಸದು ಇನ್ನೂ ಪೈರಾಗಿರುವ ದಿನಗಳಲ್ಲಿ, ಅಣಬೆಯ ಸಾರಿನೊಡನೆ ಮುದ್ದೆ ಉಂಡರು. ಅವರ ನಾಲಗೆಯಲ್ಲಿ ಅದರ ವಿದ್ಯೆ ಉಳಿಯಿತು. ಮಲೆನಾಡಿನವರು ಹೆಗ್ಗಾಲಣಬೆ, ಅಕ್ಕಿಅಣಬೆ ಎಂದೆಲ್ಲ ಭೇದಗಳನ್ನು ಗುರುತಿಸಿ ಹೆಸರಿಟ್ಟರು; ತುಳುವರು ಲಾಂಬು ಎಂದರು; ಕೊಡವರು ಕುಮ್ಮು ಎಂದರು.

ಹುತ್ತವಂತೂ ಪೂಜ್ಯವಾಯಿತು. ನಾಗರಪಂಚಮಿಯ ಹಾಲು ಅದಕ್ಕೆ ಸಲ್ಲುವುದು. ಹಳೆಯ ಮೈಸೂರು ಸೀಮೆಯ ಎಷ್ಟೋ ಮನೆತನಗಳ ಮದುವೆಯಲ್ಲಿ ಹುತ್ತದ ಮಣ್ಣನ್ನು ತರುವ ಶಾಸ್ತ್ರವುಂಟು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ನೆಲದೊಳಗಣ ನೀರನ್ನು ಕಂಡುಹಿಡಿಯುವ ಕ್ರಮವನ್ನು ಹೇಳುತ್ತ, ಇಂಥ ಮರದ ಇಂಥ ದಿಕ್ಕಿನಲ್ಲಿ ಹುತ್ತವಿದ್ದರೆ ಇಂಥಲ್ಲಿ ನೀರುಂಟೆಂದು ಹಲವೆಡೆ ಬರೆದಿದ್ದಾನೆ. ಮಂಡ್ಯ ಜಿಲ್ಲೆಗೇ ಸೇರಿದ ಮೇಲುಕೋಟೆಯ ಸ್ಥಳಕಥೆಯ ಪ್ರಕಾರ ರಾಮಾನುಜಾಚಾರ್ಯರಿಗೆ ಚೆಲುವನಾರಾಯಣನ ಮೂರ್ತಿಯು ಹುತ್ತದ ಮರೆಯಲ್ಲಿ ದೊರೆಯಿತು. ಇಂಥ ಕಥೆಗಳಿಂದ ಹುತ್ತವನ್ನು ಕೆಡವಬಾರದೆಂಬ ಭಾವನೆ ಜನರಲ್ಲಿ ಬಲವಾಗಿ ನಿಂತಿತು. ನೇಗಿಲು ಅದನ್ನು ಬಳಸಿಕೊಂಡು ಹೋಗುತ್ತಿದ್ದಿತು. ಕಾರಣವನ್ನು ತಿಳಿದು ಮಾಡಿದರೋ ಭಕ್ತಿಯಿಂದ ಮಾಡಿದರೋ, ಅಣಬೆಗೆ ಮಾತ್ರ ರಕ್ಷಣೆ ದೊರೆಯಿತು.

ಪಾಶ್ಚಾತ್ಯ ವಿಜ್ಞಾನಕ್ಕೆ ಈ ಸಂಗತಿಯು ತಿಳಿದುದು ದಕ್ಷಿಣ ಭಾರತದ ಮೂಲಕವೇ ಎಂಬುದು ನಮಗೆ ಹೆಮ್ಮೆಯ ವಿಷಯ. ಲಿನೇಯಸರ ಶಿಷ್ಯರಾದ ಯೋಹಾನ್ ಗೆರ್ಹಾರ್ಡ್ ಕೋನಿಗ್ ಎಂಬ ವೈದ್ಯರು ತರಂಗಂಬಾಡಿಯ ಡೇನಿಷ್ ವಸಾಹತಿಗೆ ಬಂದು, ತಂಜಾವೂರಿನ ಸೀಮೆಯಲ್ಲಿ ಗೆದ್ದಲಿನ ಗೂಡುಗಳನ್ನು ಅಗೆದು ನೋಡಿ, ಅವುಗಳೊಳಗಿನ ಶಿಲೀಂಧ್ರದ ತೋಟವನ್ನು ವರ್ಣಿಸಿ ಬರೆದ ಲೇಖನವು 1779ರಲ್ಲಿ ಬರ್ಲಿನಿನಲ್ಲಿ ಅಚ್ಚಾಯಿತು. ಎರಡು ವರ್ಷಗಳ ತರುವಾಯ, 1781ರಲ್ಲಿ, ಆಫ್ರಿಕದ ಗೆದ್ದಲುಗಳನ್ನು ಕುರಿತು ಹೆನ್ರಿ ಸ್ಮೀತ್‌ಮನ್ನರ ಪ್ರಸಿದ್ಧವಾದ ಪತ್ರವು ಲಂಡನ್ನಿನಲ್ಲಿ ಪ್ರಕಟವಾಯಿತು. ಸಿಂಹಳದ ಪೆರಾದೆನಿಯ ತೋಟದಲ್ಲಿದ್ದ ಟಾಮ್ ಪೆಚ್ ಎಂಬವರು 1906ರಲ್ಲಿ ಗೆದ್ದಲುಗೂಡಿನ ಶಿಲೀಂಧ್ರಗಳನ್ನು ಕುರಿತು ವಿಸ್ತಾರವಾಗಿ ಬರೆದರು. ಫ್ರಾನ್ಸಿನ ರೋಜೆ ಹೈಮ್ ಎಂಬ ವಿದ್ವಾಂಸರು 1942ರಲ್ಲಿ ಈ ಅಣಬೆಗಳನ್ನೆಲ್ಲ ಒಂದು ಕುಲವಾಗಿ ಕೂಡಿಸಿ ಟರ್ಮಿಟೊಮೈಸಿಸ್, ಎಂದರೆ ಗೆದ್ದಲಿನ ಅಣಬೆ, ಎಂದು ನಾಮಕರಣ ಮಾಡಿದರು. 1979ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಕೆ. ನಟರಾಜನ್ ಅವರು ದಕ್ಷಿಣ ಭಾರತದ ಒಂದು ಜಾತಿಗೆ ಆ ಹೈಮರ ಹೆಸರನ್ನೇ ಕೊಟ್ಟರು. ಆಫ್ರಿಕದ ಜಾಂಬಿಯದಲ್ಲಿ ಇದೇ ಕುಲದ ಒಂದು ಅಣಬೆಯ ಕೊಡೆಯು ಸುಮಾರು ಒಂದು ಮೀಟರಿನಷ್ಟು ಅಗಲವಾಗುವುದುಂಟು. ಇನ್ನೊಂದು ಜಾತಿಯ ಕೊಡೆಯು ಬೆರಳಿನ ಉಗುರಿನಷ್ಟೇ ಇದ್ದು ನೂರಾರಾಗಿ ನೆಲವನ್ನು ಮುಚ್ಚುವುದು.

2002ರಲ್ಲಿ ವಿದ್ವಾಂಸರು ಹಲವು ದೇಶಗಳ ಗೆದ್ದಲುಗಳ ಮತ್ತು ಅಣಬೆಗಳ ವಂಶತಂತುವನ್ನು ಹೋಲಿಸಿ ನೋಡಿ, ಗೆದ್ದಲು ಈ ವ್ಯವಸಾಯವನ್ನು ಒಂದೇ ಸಾರಿ ಕಲಿತಿತೆಂದೂ, ಆಮೇಲೆ ಎಂದೂ ಅದನ್ನು ಬಿಡಲಿಲ್ಲವೆಂದೂ ನಿರ್ಣಯಿಸಿದರು. ಇದು ಆಫ್ರಿಕದ ಕಾಡಿನಲ್ಲಿ ಸುಮಾರು ಮೂರು ಕೋಟಿ ವರ್ಷಗಳ ಹಿಂದೆ ನಡೆದ ಸಂಗತಿ. ಮನುಷ್ಯನ ಬೇಸಾಯಕ್ಕೆ ವಯಸ್ಸು ಹತ್ತು ಹನ್ನೆರಡು ಸಾವಿರ ವರ್ಷ. ಹಾಗಾದರೆ ಮದ್ದೂರಿನ ಹೊಲದ ಬದುವಿನಲ್ಲಿ ಕುಳಿತ ಹುತ್ತದೊಳಗಿನ ಒಕ್ಕಲು, ಹೊಲದ ಒಕ್ಕಲಿಗಿಂತ ಎಷ್ಟು ಹಿರಿಯನೆಂಬುದನ್ನು ಓದುಗರೇ ಲೆಕ್ಕಹಾಕಬಹುದು.

ಈಗ ನಮ್ಮ ನೆಲದ ಚರಿತ್ರೆಗೆ ಬರೋಣ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈ ಸೀಮೆಯು ಯುದ್ಧಗಳಿಂದ ಜರ್ಜರಿತವಾಗಿದ್ದಿತು. 1799ರ ಮಾರ್ಚಿ 27ರಂದು ಮಳವಳ್ಳಿಯಲ್ಲಿ ಟಿಪ್ಪುಸುಲ್ತಾನನ ಸೇನೆಗೂ ಇಂಗ್ಲಿಷರ ಸೇನೆಗೂ ಕದನವಾಯಿತು. ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಮದ್ದೂರು ಮಂಡ್ಯಗಳ ಮಾರ್ಗವಾಗಿ ಬಂದು ತಾನು ಕಂಡ ಬೆಳೆ, ಕೆರೆ, ನೆಲಗಳನ್ನು ದಿನಚರಿಯಾಗಿ ಬರೆದಿಟ್ಟನು. ಆಗಿನ ಕಾಲದಲ್ಲಿ ಸಾಗುವಳಿಯಿಲ್ಲದೆ ಬೀಳುಬಿದ್ದ ಭೂಮಿ ಬಹಳ. ಅನಂತರದ ಶಾಂತಿಕಾಲದಲ್ಲಿ ಹೊಲಗಳು ಹೆಚ್ಚಿದುವಾದರೂ, ಕೆರೆಯ ಕೆಳಗಿನ ಗದ್ದೆಗಳನ್ನು ಬಿಟ್ಟರೆ ಮಿಕ್ಕುದೆಲ್ಲ ಮಳೆಯನ್ನು ನೆಚ್ಚಿದ ರಾಗಿ, ಜೋಳ, ಹುರುಳಿ, ಹುಚ್ಚೆಳ್ಳುಗಳ ಬಯಲು. ಅಂಥ ಊರುಗಳಲ್ಲಿ ಉಳದೆ ಬಿಟ್ಟ ನೆಲವೂ ಊರಿನ ಆಸ್ತಿಯೇ. ದನಗಳಿಗೆ ಗೋಮಾಳ, ಹುಲ್ಲಿಗೆ ಹುಲ್ಲುಬನ್ನಿ, ನೆರಳಿಗೂ ಹಣ್ಣಿಗೂ ಸೌದೆಗೂ ಗುಂಡುತೋಪು, ಕಲ್ಲುಮರಡಿಗೆ ಖರಾಬು, ಹೊಲಹೊಲದ ನಡುವೆ ಅಗಲವಾದ ಬದು. ರೆವಿನ್ಯೂ ಲೆಕ್ಕದಲ್ಲಿ ಇವುಗಳಿಂದ ಹುಟ್ಟುವಳಿಯಿಲ್ಲ. ಆದರೆ ಹುತ್ತಗಳು ನೆಮ್ಮದಿಯಿಂದ ಬೆಳೆದುದು ಈ ಹುಟ್ಟುವಳಿಯಿಲ್ಲದ ನೆಲದಲ್ಲಿಯೇ. ತೋಪಿನ ಮರಗಳು ಎಲೆ ಕಡ್ಡಿಗಳನ್ನು ಉದುರಿಸಿದುವು. ಗೆದ್ದಲು ಅದನ್ನು ಅಣಬೆಗೆ ಉಣಿಸಿತು. ಹುತ್ತದ ಮಣ್ಣು ಕೆಳಗಿನ ಸಾರವನ್ನು ಮೇಲಕ್ಕೆ ತಂದು ಮರಕ್ಕೆ ಹಿಂದಿರುಗಿಸಿತು. ಮರ, ಗೆದ್ದಲು, ಅಣಬೆ ಈ ಮೂವರ ನಡುವಣ ಲೇವಾದೇವಿ ಹೀಗೆ ನಡೆಯುತ್ತಿದ್ದಿತು.

ಈ ಸೀಮೆಯ ಭಾಗ್ಯವು ತಿರುಗಿದುದು ಕಾವೇರಿಯ ನೀರಿನಿಂದ. 1911ರಲ್ಲಿ ಕನ್ನಂಬಾಡಿಯ ಅಣೆಕಟ್ಟಿನ ಕೆಲಸ ಆರಂಭವಾಗಿ ಇಪ್ಪತ್ತು ವರ್ಷಗಳ ಕಾಲ ನಡೆಯಿತು. 1930ರ ದಶಕದ ಆದಿಯಲ್ಲಿ ಇರ್ವಿನ್ ನಾಲೆಯು ಹುಲಿಕೆರೆಯ ಸುರಂಗವನ್ನು ದಾಟಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ಹರಿಯಿತು. ಅದೇ ಈಗಿನ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಮಂಡ್ಯದಲ್ಲಿ ಸ್ಥಾಪಿತವಾಯಿತು. 1939ರ ಜುಲೈ 1ರಂದು ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಈ ಪರಿವರ್ತನೆಯ ಮುಖ್ಯ ಶಿಲ್ಪಿಗಳಲ್ಲೊಬ್ಬರು ಡಾಕ್ಟರ್ ಲೆಸ್ಲಿ ಕೋಲ್ಮನ್. ಕೆನಡಾ ದೇಶದವರಾದ ಇವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದುದು ಶಿಲೀಂಧ್ರಶಾಸ್ತ್ರಜ್ಞರಾಗಿ ಮತ್ತು ಕೀಟಶಾಸ್ತ್ರಜ್ಞರಾಗಿ. ಮಲೆನಾಡಿನ ಅಡಕೆಯನ್ನು ಹಾಳುಮಾಡುತ್ತಿದ್ದ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಪರಿಶೋಧಿಸಿ, ಮೈಲುತುತ್ತ ಸುಣ್ಣಗಳ ಸಿಂಪಡಿಕೆಯನ್ನು ರೈತರಿಗೆ ಕಲಿಸಿದವರು ಇವರು. 1913ರಲ್ಲಿ ವ್ಯವಸಾಯ ಇಲಾಖೆಯ ಡೈರೆಕ್ಟರಾಗಿ, ನಾಲೆಯ ಬಯಲಿಗೆ ಕಬ್ಬನ್ನೂ ಕಬ್ಬಿಗೆ ಕಾರ್ಖಾನೆಯನ್ನೂ ತರಲು ಬಹಳವಾಗಿ ಶ್ರಮಿಸಿದರು. ಮಂಡ್ಯದ ಸಮೀಪದ ನಾಲಾ ಫಾರಂ 1931ರಲ್ಲಿ ಅವರ ಕಾಲದಲ್ಲಿಯೇ ಆರಂಭವಾಯಿತು. ಶಿಲೀಂಧ್ರವನ್ನೂ ಕೀಟವನ್ನೂ ಬಲ್ಲ ವಿದ್ವಾಂಸರೊಬ್ಬರು ಕಬ್ಬಿನ ಗದ್ದೆಗಳನ್ನು ಈ ನೆಲಕ್ಕೆ ಕರೆತಂದರು. ಗದ್ದೆಗಳು ಬಂದಲ್ಲೆಲ್ಲ, ಕೀಟವೂ ಶಿಲೀಂಧ್ರವೂ ಕೂಡಿ ಬಾಳುವ ಹುತ್ತವು ಹಿಂದೆ ಸರಿಯಿತು. ಇದು ಯಾರ ತಪ್ಪೂ ಅಲ್ಲ. ಬರಗಾಲದಲ್ಲಿ ಊರು ಬಿಟ್ಟು ಹೋಗುತ್ತಿದ್ದ ಜನಕ್ಕೆ ಅನ್ನ ದೊರೆಯಿತು. ಲಕ್ಷಕ್ಕೂ ಮೇಲ್ಪಟ್ಟು ಎಕರೆ ಭೂಮಿಗೆ ನೀರು ದೊರೆಯಿತು. ಆ ಲಾಭವನ್ನು ಅಲ್ಲಗಳೆಯುವವರು ಕೃತಘ್ನರು. ಆದರೆ ಲಾಭದ ಪುಟದ ಎದುರಿಗೆ ಬರೆಯಬೇಕಾದ ಪುಟವೂ ಒಂದುಂಟು. ಅದನ್ನು ಯಾರೂ ಬರೆಯಲಿಲ್ಲ.

ನೀರು ನಿಲ್ಲುವ ಗದ್ದೆಯನ್ನು ಮಾಡಬೇಕಾದರೆ ನೆಲವನ್ನು ಮಟ್ಟಮಾಡಬೇಕು. ಮಟ್ಟಮಾಡುವಾಗ ಹುತ್ತವು ಮೊದಲು ಹೋಗುವುದು. ನೀರು ನಿಂತ ಮಣ್ಣಿನಲ್ಲಿ ಗೆದ್ದಲಿನ ಗೂಡು ಉಳಿಯಲಾರದು. ಬೆಲೆ ಬಂದ ನೆಲದಲ್ಲಿ ಬದು ಕಿರಿದಾಗುವುದು, ಗೋಮಾಳ ಕರಗುವುದು, ಗುಂಡುತೋಪು ಒತ್ತುವರಿಯಾಗುವುದು. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿಯು ಮಂಡ್ಯದ ಸುತ್ತಿನ ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ನಡೆಸಿ 1962ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಬದಲುಹೆಸರಿನಿಂದ ಅವರು ವರ್ಣಿಸಿದ ಆ ಹಳ್ಳಿಗಳಲ್ಲಿ ಒಂದಕ್ಕೆ ನಾಲೆಯ ನೀರು ಬಂದಿತು. ಇನ್ನೊಂದರ ನೆಲವು ನಾಲೆಯ ಮಟ್ಟಕ್ಕಿಂತ ಮೇಲಿದ್ದು ಒಣಗಿಯೇ ಉಳಿಯಿತು. ನಾಲೆಯು ಗೀಚಿದ ಈ ರೇಖೆಯೇ ಅಣಬೆಯ ರೇಖೆಯೂ ಹೌದು. ನಾಲೆಯ ಕೆಳಗೆ ಕಬ್ಬು ಬತ್ತಗಳು. ಮೇಲೆ, ಮರಡಿಯ ಕಡೆಗೆ, ಹುತ್ತ ಮತ್ತು ಅಣಬೆ.

ಆ ಮೇಲಿನ ನೆಲಕ್ಕೂ ಆಮೇಲೆ ಬದಲಾವಣೆಗಳು ಬಂದುವು. ಕಬ್ಬಿನ ಬಿತ್ತನೆಯ ತುಂಡುಗಳನ್ನು ಗೆದ್ದಲು ತಿನ್ನುವುದು ನಿಜ. ಆದುದರಿಂದ ರೈತನಿಗೆ ಅದು ಶತ್ರುವಾಗಿ ತೋರಿತು. ಬಿ.ಎಚ್.ಸಿ. ಪುಡಿಯನ್ನು ಮಣ್ಣಿಗೆ ಹಾಕುವ ಪದ್ಧತಿ ಹಲವು ವರ್ಷ ನಡೆದು, ಅದರ ವಿಷವು ನೆಲದಲ್ಲಿಯೂ ಆಹಾರದಲ್ಲಿಯೂ ಉಳಿಯುವುದು ಕಂಡುಬಂದ ಮೇಲೆ 1997ರಲ್ಲಿ ಭಾರತದಲ್ಲಿ ಅದು ನಿಷೇಧವಾಯಿತು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಒಣಭೂಮಿಯ ಎಷ್ಟೋ ಭಾಗಗಳಿಗೆ ಆಸ್ಟ್ರೇಲಿಯದ ನೀಲಗಿರಿ ಮರವು ಬಂದಿತು. ಈ ಮರವು ತನ್ನ ಬೇರಿನ ಜೊತೆಗಾರನನ್ನೂ ಕರೆತಂದಿತೆಂಬುದು ಸ್ವಾರಸ್ಯಕರವಾಗಿದೆ. ದಕ್ಷಿಣ ಭಾರತದ ನೀಲಗಿರಿ ತೋಪುಗಳಲ್ಲಿ ಮಳೆಗಾಲದಲ್ಲಿ ಆಲೂಗೆಡ್ಡೆಯಂತೆ ನೆಲದಿಂದೆದ್ದು, ಒಡೆದಾಗ ಕಂದುಬಣ್ಣದ ಧೂಳನ್ನು ಉಗುಳುವ ಪೈಸೊಲಿತಸ್ ಎಂಬ ಶಿಲೀಂಧ್ರವು ಫ್ರಾಂಕರು ಹೇಳಿದ ಬೇರುಕವಚದ ಜಾತಿಗೆ ಸೇರಿದುದು. ಮರದೊಡನೆ ನೇರವಾಗಿ ಕೂಡಿಬಾಳುವ ಅಣಬೆಯು ಬಯಲುಸೀಮೆಗೆ ಹೀಗೆ ಪರದೇಶದಿಂದ ಬಂದಿತು. ಅದು ಊಟಕ್ಕೆ ಬರುವ ಅಣಬೆಯಲ್ಲ. ಊಟಕ್ಕೆ ಬರುವ ನಮ್ಮದು ಮಾತ್ರ ದಿನದಿನಕ್ಕೆ ವಿರಳವಾಯಿತು.

ಹುತ್ತದ ಅಣಬೆಗೆ ಇನ್ನೂ ಆಸರೆಯಾಗಿರುವ ಸ್ಥಳಗಳು ಉಂಟು. ಮಳವಳ್ಳಿ ತಾಲ್ಲೂಕಿನ ದಕ್ಷಿಣಭಾಗದಲ್ಲಿ, ಕಾವೇರಿಯು ಶಿವನಸಮುದ್ರದಲ್ಲಿ ಧುಮುಕಿ ಮುಂದೆ ಮುತ್ತತ್ತಿಯ ಕಡೆಗೆ ಹರಿ‌ಯುವಲ್ಲಿ, ಹೊಳೆಮತ್ತಿಯ ನೆರಳೂ ಕಮರ ದಿಂಡಿಗಗಳ ಒಣಕಾಡೂ ಇವೆ. 1987ರಲ್ಲಿ ಕಾವೇರಿ ವನ್ಯಧಾಮವೆಂದು ಘೋಷಿತವಾದ ಅರಣ್ಯಕ್ಕೆ ಇದು ಸೇರಿದೆ. ಅಲ್ಲಿ ಬಿದ್ದ ಮರವು ಬಿದ್ದಲ್ಲಿಯೇ ಉಳಿಯುವುದು. ಗೆದ್ದಲು ತನ್ನ ಕೆಲಸವನ್ನು ತಾನು ಮಾಡುವುದು. ಬಯಲಿನಲ್ಲಿಯೂ ಅಲ್ಲಲ್ಲಿ ದೇವರ ಹುತ್ತವೆಂದು ಕುಂಕುಮ ಹಚ್ಚಿ ಉಳಿಸಿಕೊಂಡಿರುವವು ಉಂಟು.

ಇದು ಬರಿಯ ನಾಲಗೆಯ ರುಚಿಯ ಮಾತಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಅಣಬೆ ವಿರಳವಾದಂತೆ ಅದನ್ನು ಗುರುತಿಸುವ ವಿದ್ಯೆಯೂ ವಿರಳವಾಗುತ್ತಿದೆ. ಆ ವಿದ್ಯೆಯಿಲ್ಲದವನು ಕಾಡು ಅಣಬೆಯನ್ನು ತಿಂದರೆ ಪ್ರಾಣಕ್ಕೇ ಅಪಾಯ. ನಮ್ಮ ಹುಲ್ಲುಗಾವಲುಗಳಲ್ಲಿ ಏಳುವ ಬೆಳ್ಳನೆಯ ದೊಡ್ಡ ಕೊಡೆಯೊಂದುಂಟು. ಬಲಿತಾಗ ಅದರ ಕೆಳಗಿನ ಪದರಗಳು ಹಸುರುಛಾಯೆಗೆ ತಿರುಗುವುವು. ನೋಡಲು ಹುತ್ತದ ಅಣಬೆಯಂತೆಯೇ ತೋರುವ ಇದನ್ನು ತಿಂದರೆ ವಾಂತಿಭೇದಿಗಳು ತಪ್ಪವು. ಪ್ರಾಣವನ್ನೇ ತೆಗೆಯುವ ಜಾತಿಗಳೂ ಇವೆ. ಬೆಳ್ಳಿಯ ನಾಣ್ಯ ಕಪ್ಪಾದರೆ ವಿಷ, ಬೆಳ್ಳುಳ್ಳಿ ಬಣ್ಣಗೆಡದಿದ್ದರೆ ಒಳ್ಳೆಯದು, ಹುಳು ತಿಂದುದು ಮನುಷ್ಯನಿಗೂ ಸಲ್ಲುವುದು ಎಂಬ ಪರೀಕ್ಷೆಗಳೆಲ್ಲ ನಂಬತಕ್ಕವಲ್ಲ. ಬಲ್ಲ ಹಿರಿಯರು ಮೊದಲು ನೋಡುತ್ತಿದ್ದುದು ಕೊಡೆಯನ್ನಲ್ಲ, ಎದ್ದ ಸ್ಥಳವನ್ನು. ಕಾಲನ್ನು ಕೆದಕಿ, ಅದು ಬೇರಿನಂತೆ ಹುತ್ತದೊಳಕ್ಕೆ ಇಳಿದುಹೋಗುವುದನ್ನು ಕಣ್ಣಾರೆ ಕಂಡು, ಆಮೇಲೆ ಮಡಿಲಿಗೆ ಹಾಕುತ್ತಿದ್ದರು. ಹುತ್ತವಿಲ್ಲದ ಊರಿನಲ್ಲಿ ಬೆಳೆದ ಮಕ್ಕಳಿಗೆ ಈ ಪಾಠವನ್ನು ಯಾವ ಪುಸ್ತಕವೂ ಸಂಪೂರ್ಣವಾಗಿ ಕಲಿಸಲಾರದು. ಬಲ್ಲವರ ಕೈಹಿಡಿದು ಕಲಿಯದವರು ಕಾಡಿನ ಅಣಬೆಯನ್ನು ಮುಟ್ಟದಿರುವುದೇ ಕ್ಷೇಮ.

ಹೋದರೆ ಹೋಗಲಿ, ಬೆಳೆದುಕೊಳ್ಳೋಣ ಎನ್ನುವಂತೆಯೂ ಇಲ್ಲ. ಚಿಪ್ಪಿನಣಬೆಯನ್ನೂ ಗುಂಡಿಯಣಬೆಯನ್ನೂ ಹುಲ್ಲು ಗೊಬ್ಬರಗಳ ಮೇಲೆ ಮನೆಯೊಳಗೆ ಬೆಳೆಯುವ ವಿದ್ಯೆ ಈಗ ಎಲ್ಲರಿಗೂ ಸುಲಭವಾಗಿದೆ; ಅವು ಸತ್ತುದನ್ನು ಕೊಳೆಯಿಸಿ ತಿನ್ನುವ ಜಾತಿಯವು. ಹುತ್ತದ ಅಣಬೆಯಾದರೋ ಒಪ್ಪಂದದ ಜೀವ. ಫ್ರಾಂಕರಿಗೆ ಮರದ ಬುಡದಲ್ಲಿ ದೊರೆತ ಪಾಠವೇ ನಮಗೆ ಹುತ್ತದ ಬುಡದಲ್ಲಿಯೂ ದೊರೆಯುವುದು. ಜೊತೆಗಾರನನ್ನು ಬಿಟ್ಟು ಅದನ್ನು ಬೆಳೆಯಬಲ್ಲ ರೈತನು ನಮ್ಮ ನಾಡಿನಲ್ಲಿ ಇನ್ನೂ ಹುಟ್ಟಿಲ್ಲ.

ಹಾಗಾದರೆ ಮಾಡತಕ್ಕುದೇನು? ನಾಲೆಯನ್ನು ಮುಚ್ಚಬೇಕೆಂದಾಗಲಿ ಕಬ್ಬನ್ನು ಕೀಳಬೇಕೆಂದಾಗಲಿ ನಾವು ಹೇಳುವುದಿಲ್ಲ. ಊರಿಗೆ ಉಳಿದಿರುವ ಗುಂಡುತೋಪನ್ನು ಉಳಿಸಿಕೊಳ್ಳುವುದು, ಅದರ ತರಗೆಲೆಯನ್ನೆಲ್ಲ ಗುಡಿಸಿ ಸುಡದಿರುವುದು, ಬದುವಿನ ಹುತ್ತಕ್ಕೆ ವಿಷ ಸುರಿಯದಿರುವುದು, ಅಣಬೆ ಕೀಳುವಾಗ ಗೂಡನ್ನು ಅಗೆಯದೆ ನಾಲ್ಕಾರು ಕೊಡೆಗಳನ್ನು ಬಿಚ್ಚಿಕೊಳ್ಳಲು ಬಿಡುವುದು, ಇಷ್ಟು ಸಾಕು. ಇದು ಅಸಾಧ್ಯವೆನ್ನುವವರು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರನ್ನು ನೋಡಬಹುದು. ಅಲ್ಲಿಯ ಜನರು ತಮ್ಮ ಮನೆಯಂಗಳದ ಹುಣಿಸೆಮರಗಳಲ್ಲಿ ಗೂಡುಕಟ್ಟುವ ಕೊಕ್ಕರೆ ಹೆಜ್ಜಾರ್ಲೆಗಳನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿದ್ದಾರೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಹಕ್ಕಿಗೆ ಮರವನ್ನು ಬಿಟ್ಟುಕೊಟ್ಟ ಜನಕ್ಕೆ ಹುತ್ತಕ್ಕೆ ಒಂದು ಮೊಳ ನೆಲವನ್ನು ಬಿಟ್ಟುಕೊಡುವುದು ಹೆಚ್ಚಿನ ಮಾತಲ್ಲ.

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಬಂದು ಸೇರಿತೆಂದು ಗಾದೆಯಿದೆ. ಒಬ್ಬರ ದುಡಿಮೆಯನ್ನು ಇನ್ನೊಬ್ಬರು ಅಪಹರಿಸುವುದಕ್ಕೆ ಅದನ್ನು ಉದಾಹರಿಸುವರು. ಆದರೆ ಹಾವು ಹೊಕ್ಕುವುದಕ್ಕೆ ಎಷ್ಟೋ ಮುಂಚಿನಿಂದ ಆ ಹುತ್ತದಲ್ಲಿ ಗೆದ್ದಲೂ ಅಣಬೆಯೂ ಒಂದರ ದುಡಿಮೆಯನ್ನು ಇನ್ನೊಂದು ಉಂಡು, ಎರಡೂ ಉಳಿದು ಬಂದಿವೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಜನರು ತಮ್ಮ ಹೊಲದ ಅಂಚಿನಲ್ಲಿರುವ ಆ ಹಳೆಯ ಒಕ್ಕಲುತನಕ್ಕೆ ಸ್ವಲ್ಪ ಜಾಗವನ್ನು ಉಳಿಸಿದರೆ, ಮುಂದಿನ ತಲೆಯವರ ಮುದ್ದೆಗೂ ಮಳೆಗಾಲದಲ್ಲಿ ಒಂದು ಸಾರು ಉಳಿಯುವುದು.